ಅಟ್ಟದ ಮೇಲಿನ ಪ್ಲೇಟು ಯಾರ ಪಾಲು?

ಹಾಡು ಕೇಳಲು ಇವತ್ತು ಯಾರೂ ಏನನ್ನೂ ಕೊಳ್ಳಬೇಕಾಗಿಲ್ಲ. ಮೊಬೈಲಿನಲ್ಲಿ ಡೇಟಾ ಇದ್ದರೆ ಸಾಕು. ಹೀಗಿರುವಾಗ ನಮ್ಮ ಅಜ್ಜಂದಿರ ಕಾಲದ ಕಪ್ಪು ತಟ್ಟೆ ಮತ್ತೆ ಮಾರುಕಟ್ಟೆಗೆ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾದವು. ಅದೇ ವರ್ಷ ಮಾರಾಟವಾದ ಸಿ.ಡಿ.ಗಳು 3.3 ಕೋಟಿ. ಸಂಖ್ಯೆಯಲ್ಲಿ ರೆಕಾರ್ಡು ಸಿ.ಡಿ.ಯನ್ನು ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಅಲ್ಲಿನ ಅಂಗಡಿಗಳು ಸೇರಿ 2008ರಿಂದ ಪ್ರತಿವರ್ಷ ‘ರೆಕಾರ್ಡ್ ಸ್ಟೋರ್ ಡೇ’ ಆಚರಿಸುತ್ತಿವೆ. ಭಾರತದಲ್ಲೂ ಗಾಳಿ ಬೀಸಿದೆ. ಎಚ್‌.ಎಂ.ವಿ. ಹೆಸರಿನಲ್ಲಿ ನಮಗೆ ಪರಿಚಿತವಾಗಿದ್ದ ಗ್ರಾಮಾಫೋನ್ ಕಂಪನಿ ಆಫ್ ಇಂಡಿಯಾ, ಈಗಿನ ಸಾರೆಗಮ, ಹಳೆಯ ಹಾಡುಗಳನ್ನು ಎಲ್‌.ಪಿ. ರೂಪದಲ್ಲಿ ಮತ್ತೆ ಮಾರುತ್ತಿದೆ. ಬೆಂಗಳೂರಿನಲ್ಲಿ ರೆಕಾರ್ಡು ಕೇಳುವ ಕೆಫೆಗಳು ಹುಟ್ಟಿವೆ. ಒಂದು ಹೊಸ ಎಲ್‌.ಪಿ.ಗೆ ಎರಡು ಮೂರು ಸಾವಿರ ರೂಪಾಯಿ ಕೊಡುವ ಹುಡುಗ ಹುಡುಗಿಯರಿದ್ದಾರೆ.

ಕೆಲಸ ಹುಡುಕುತ್ತಾ ತಿಂಗಳ ಖರ್ಚಿಗೆ ಮನೆಯವರ ಮುಂದೆ ಕೈಚಾಚುವ ನಮ್ಮಂಥವರಿಗೆ ಇದು ಶ್ರೀಮಂತರ ಶೋಕಿಯಂತೆ ಕಾಣುವುದು ಸಹಜ. ಅದರಲ್ಲಿ ಶೋಕಿಯ ಪಾಲೂ ಇದೆ. ಆದರೆ ಈ ಶೋಕಿಯ ಹಿಂದೆ ಒಂದು ಲೆಕ್ಕಾಚಾರವಿದೆ. ಆ ಲೆಕ್ಕಾಚಾರ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳ ಅಟ್ಟದವರೆಗೂ ಬಂದು ಮುಟ್ಟುತ್ತದೆ.

ಮರೆತವರಿಗೆ ಬಂದ ಬೆಲೆ

ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಹೆಸರಾಂತ ಗಾಯಕರ ರೆಕಾರ್ಡಿಗಲ್ಲ. ಅವು ಲಕ್ಷಗಟ್ಟಲೆ ಅಚ್ಚಾಗಿವೆ, ಎಲ್ಲಿ ಬೇಕಾದರೂ ಸಿಗುತ್ತವೆ. ಬೆಲೆ ಇರುವುದು ಒಂದೆರಡು ರೆಕಾರ್ಡು ಹೊರತಂದು ಮರೆಯಾದ ತಂಡಗಳಿಗೆ. 1970 ಮತ್ತು 71ರಲ್ಲಿ ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕಾಗಿ ದೇಶದ ಪಾಪ್ ತಂಡಗಳ ನಡುವೆ ಸ್ಪರ್ಧೆ ನಡೆಯಿತು. ಗೆದ್ದವರ ಹಾಡುಗಳನ್ನು ‘ಸಿಮ್ಲಾ ಬೀಟ್’ ಹೆಸರಿನ ಎರಡು ಎಲ್‌.ಪಿ.ಗಳಲ್ಲಿ ತಂದರು. ಮದ್ರಾಸಿನ ಕನ್‌ಫ್ಯೂಷನ್ಸ್, ಶಿಲ್ಲಾಂಗಿನ ಫೆಂಟೋನ್ಸ್, ನಮ್ಮ ಬೆಂಗಳೂರಿನ ಡೈನೊಸಾರ್ಸ್ ಅದರಲ್ಲಿದ್ದ ತಂಡಗಳು. ಅರುವತ್ತರ ದಶಕದಲ್ಲಿ ಬೆಳೆದ ಕಾಲೇಜು ಹುಡುಗರ ಗಿಟಾರ್ ಹುಚ್ಚಿಗೆ ಈ ದೇಶದಲ್ಲಿ ಉಳಿದ ದಾಖಲೆಗಳು ಕೆಲವೇ. ಅವುಗಳಲ್ಲಿ ಇವು ಮುಖ್ಯವಾದವು. ಆಗ ಹೆಚ್ಚು ಜನ ಕೊಳ್ಳದ ಈ ತಟ್ಟೆಗಳನ್ನು ದಶಕಗಳ ನಂತರ ವಿದೇಶಿ ಕಂಪನಿಗಳು ಮರುಮುದ್ರಿಸಿದವು. ಬಾಂಬೆಯ ಅಟಾಮಿಕ್ ಫಾರೆಸ್ಟ್ ತಂಡದ ಎಲ್‌.ಪಿ.ಗೂ ಅಮೆರಿಕದಲ್ಲಿ ಮರುಹುಟ್ಟು ಸಿಕ್ಕಿತು. 1982ರಲ್ಲಿ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಮಾಡಿದ ರೆಕಾರ್ಡನ್ನು ಆಗ ಯಾರೂ ಕೇಳಲಿಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನ ಕಂಪನಿಯೊಂದು ಅದನ್ನು ಮತ್ತೆ ತಂದಾಗ, ಇಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯನ್ನೇ ತಿದ್ದಬೇಕೇನೊ ಎಂಬ ಚರ್ಚೆ ಎದ್ದಿತು.

ಇಲ್ಲೊಂದು ಮಾತು ಗಮನಿಸಬೇಕು. ರೆಕಾರ್ಡು ಮಾಡಿದವರು ಭಾರತೀಯರು, ಹಾಡಿದವರು ಭಾರತೀಯರು. ಮಹತ್ವ ಗುರುತಿಸಿದವರು ಮಾತ್ರ ಹೊರಗಿನವರು. ಪ್ರತಿ ಉಳಿದಿದ್ದೂ ಯಾರೋ ಬಿಸಾಡದೆ ಇಟ್ಟುಕೊಂಡಿದ್ದರಿಂದ. ಅರುವತ್ತರ ದಶಕದ ಬೆಂಗಳೂರಿನಲ್ಲಿ ಟ್ರೋಜನ್ಸ್ ಎಂಬ ತಂಡದಲ್ಲಿ ಗಿಟಾರ್ ಹಿಡಿದಿದ್ದ ಕೊಡವ ಯುವಕ ಬಿದ್ದು ಅಪ್ಪಯ್ಯ ಮುಂದೆ ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕರಾಗಿ ಜಗತ್ತಿಗೆ ಗೊತ್ತಾದರು. ಗೆದ್ದವರ ಕಥೆ ಹೇಗೋ ಉಳಿಯುತ್ತದೆ. ಇಲ್ಲೇ ಉಳಿದವರ ಕಥೆ ಉಳಿಯಬೇಕಾದರೆ ತಟ್ಟೆ ಉಳಿಯಬೇಕು.

ನಮ್ಮೂರಿನ ಅರುವತ್ತರ ದಶಕ

ಗಿಟಾರ್ ತಂಡಗಳ ಸದ್ದು ನಮ್ಮ ಬಯಲುಸೀಮೆಗೆ ಅಷ್ಟಾಗಿ ತಲುಪಲಿಲ್ಲ. ನಮ್ಮ ‘ಪಾಪ್’ ಬೇರೆಯೇ ಇತ್ತು. ನಾಟಕ ಕಂಪನಿಗಳ ರಂಗಗೀತೆಯ ಪ್ಲೇಟು, ಬಿ.ಎಸ್. ರಾಜ ಅಯ್ಯಂಗಾರ್ ಅವರ ದೇವರನಾಮ, ಪಿ. ಕಾಳಿಂಗರಾಯರ ಭಾವಗೀತೆ, ಆಮೇಲೆ ಸಿನಿಮಾ ಹಾಡಿನ ಪುಟ್ಟ ಇ.ಪಿ. ಇವುಗಳನ್ನು ಕೊಂಡ ಮನೆಗಳು ಕಡಿಮೆ. ಕೊಂಡವರು ಬಹುಪಾಲು ಮೈಕ್‌ಸೆಟ್‌ನವರು. ಮದುವೆ, ಜಾತ್ರೆ, ಗಣೇಶನ ಹಬ್ಬ ಎಂದರೆ ಮೊದಲು ಬರುತ್ತಿದ್ದುದು ಅವರ ಪೆಟ್ಟಿಗೆ. ಮಾಳಿಗೆಯ ಮೇಲೋ ಬೇವಿನ ಮರಕ್ಕೋ ಹಾರನ್ ಕಟ್ಟಿ ರೆಕಾರ್ಡು ಹಾಕಿದರೆ ಆ ಮನೆಯಲ್ಲಿ ಶುಭಕಾರ್ಯ ಎಂದು ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತಿತ್ತು. ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮುನ್ನ ಮೊಳಗುತ್ತಿದ್ದ ಹಾಡುಗಳೂ ರೆಕಾರ್ಡಿನವೇ. ಹೀಗೆ ಒಂದೊಂದು ತಾಲ್ಲೂಕಿನಲ್ಲೂ ಮೈಕ್‌ಸೆಟ್ ಅಂಗಡಿಯೇ ಆ ಭಾಗದ ದೊಡ್ಡ ಸಂಗೀತ ಭಂಡಾರವಾಗಿತ್ತು. ಅದನ್ನು ಭಂಡಾರವೆಂದು ಯಾರೂ ಕರೆಯಲಿಲ್ಲ, ಅಷ್ಟೆ.

ಈ ತಟ್ಟೆಗಳಲ್ಲಿ ಎರಡು ಜಾತಿ. ಹಳೆಯದು ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಅರಗಿನಿಂದ ಮಾಡಿದ್ದು, ಕೈಜಾರಿದರೆ ಹೆಂಚಿನಂತೆ ಒಡೆಯುತ್ತದೆ, ಒಂದು ಬದಿಗೆ ಮೂರು ನಿಮಿಷದ ಹಾಡು. ಆಮೇಲೆ ಬಂದದ್ದು ವಿನೈಲ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಅದರಲ್ಲಿ 45 ಸುತ್ತಿನ ಇ.ಪಿ., 33 ಸುತ್ತಿನ ಎಲ್‌.ಪಿ. ಇವೆ. ಎಲ್‌.ಪಿ.ಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯುತ್ತದೆ. ಪಶ್ಚಿಮದ ದೇಶಗಳಲ್ಲಿ 1960ರ ಹೊತ್ತಿಗೆ 78ರ ಕಾಲ ಮುಗಿದಿತ್ತು. ನಮ್ಮಲ್ಲಿ ಕರೆಂಟಿಲ್ಲದ ಹಳ್ಳಿಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಯಂತ್ರಗಳೇ ಇದ್ದುದರಿಂದ ಕಲ್ಕತ್ತೆಯ ಡಂಡಂ ಕಾರ್ಖಾನೆ ಆ ದಶಕದ ಉದ್ದಕ್ಕೂ 78ನ್ನೇ ಅಚ್ಚು ಹಾಕುತ್ತಿತ್ತು. ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78ರಲ್ಲಿ ಬಂದವು. ಇಂಗ್ಲೆಂಡಿನಲ್ಲೇ ಇಲ್ಲದ ಆ ರೂಪಕ್ಕಾಗಿ ಇಂದು ವಿದೇಶಿ ಸಂಗ್ರಾಹಕರು ಮುಗಿಬೀಳುತ್ತಾರೆ. ನಮ್ಮ ಹಳ್ಳಿಗಳ ಕತ್ತಲೆ ಅವರ ಪಾಲಿಗೆ ಅಪರೂಪದ ಸರಕಾಯಿತು.

ಚಿತ್ರದುರ್ಗಕ್ಕೂ ಕನ್ನಡ ರೆಕಾರ್ಡಿಗೂ ನಂಟು ಗಟ್ಟಿಯಾದದ್ದು. ಈ ಜಿಲ್ಲೆಯ ತ.ರಾ.ಸು. ಅವರ ಕಾದಂಬರಿಗಳಿಂದ 1964ರಲ್ಲಿ ‘ಚಂದವಳ್ಳಿಯ ತೋಟ’, 1972ರಲ್ಲಿ ‘ನಾಗರಹಾವು’, 1975ರಲ್ಲಿ ‘ಹಂಸಗೀತೆ’ ಸಿನಿಮಾಗಳು ಬಂದವು. ಮೊದಲನೆಯದಕ್ಕೆ ಟಿ.ಜಿ. ಲಿಂಗಪ್ಪ, ಎರಡನೆಯದಕ್ಕೆ ವಿಜಯಭಾಸ್ಕರ್, ಮೂರನೆಯದಕ್ಕೆ ಎಂ. ಬಾಲಮುರಳೀಕೃಷ್ಣ ಮತ್ತು ಬಿ.ವಿ. ಕಾರಂತರ ಸಂಗೀತ. ದುರ್ಗದ ಕೋಟೆ ಕಲ್ಲಿನಲ್ಲಿ ಉಳಿದಿದೆ, ಪ್ರವಾಸಿಗರು ಟಿಕೆಟ್ ಕೊಂಡು ನೋಡುತ್ತಾರೆ. ಅದೇ ಕೋಟೆಯನ್ನು ನಾಡಿನ ಮನೆಮನೆಗೆ ತಲುಪಿಸಿದ ಹಾಡುಗಳ ಮೂಲ ತಟ್ಟೆ ಜಿಲ್ಲೆಯಲ್ಲಿ ಎಷ್ಟು ಜನರ ಬಳಿ ಇದೆ ಎಂದು ಕೇಳಿದರೆ ಉತ್ತರ ಕೊಡಬಲ್ಲ ಒಂದು ಪಟ್ಟಿಯನ್ನೂ ನಾವು ಮಾಡಿಕೊಂಡಿಲ್ಲ.

ಗುಜರಿಯಲ್ಲಿ ತೂಕ, ನಗರದಲ್ಲಿ ಬಿಡಿ

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂಬ ಹೆಸರು ಅದಕ್ಕಿದೆ. ಹತ್ತು ವರ್ಷ ಕಳೆಯುವುದರೊಳಗೆ ಕ್ಯಾಸೆಟ್ ಎಲ್ಲೆಡೆ ಹರಡಿತು. ಮೈಕ್‌ಸೆಟ್‌ನವರ ಪ್ಲೇಟುಗಳು ಗೋಣಿಚೀಲ ಸೇರಿದವು. ಮಕ್ಕಳು ಮನೆ ಕೆಡವಿ ಕಟ್ಟಿಸುವಾಗ, ಅಂಗಡಿ ಖಾಲಿ ಮಾಡುವಾಗ ಅವು ಗುಜರಿಗೆ ಹೋಗುತ್ತವೆ. ಅಲ್ಲಿ ತೂಕದ ಲೆಕ್ಕ. ಗುಜರಿಯಿಂದ ಬೆಂಗಳೂರಿನ ಹಳೆ ಸಾಮಾನಿನ ಸಂತೆಗೆ ಬಂದಾಗ ಬಿಡಿ ಲೆಕ್ಕ. ಅಲ್ಲಿಂದ ಸಂಗ್ರಾಹಕರ ಕೈಗೆ ಹೋದಾಗ ಲೇಬಲ್ ನೋಡಿ ಬೆಲೆ. ಒಂದೇ ತಟ್ಟೆಗೆ ಮೂರು ಹಂತದಲ್ಲಿ ಮೂರು ಬೆಲೆ. ಕಡಿಮೆ ಬೆಲೆ ಸಿಕ್ಕವರು ಅದನ್ನು ಮೂವತ್ತು ನಲವತ್ತು ವರ್ಷ ಕಾಪಾಡಿದವರು. ಶೇಂಗಾ ಬೆಳೆದವನಿಗೂ ಎಣ್ಣೆ ಮಾರಿದವನಿಗೂ ಇರುವ ವ್ಯತ್ಯಾಸ ನೋಡಿದ ನಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ.

ಇದರಲ್ಲಿ ವ್ಯಾಪಾರಿಯ ತಪ್ಪಿಲ್ಲ. ಅವನಿಗೆ ಗೊತ್ತಿರುವ ವಿಷಯ ನಮಗೆ ಗೊತ್ತಿಲ್ಲ ಎಂಬುದೇ ಅವನ ಬಂಡವಾಳ. ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ರೆಕಾರ್ಡಿನ ಲೇಬಲ್ಲಿನ ಮೇಲೆ ಗಾಯಕರ ಹೆಸರು, ಸಾಹಿತ್ಯ, ಸಂಗೀತ, ಕ್ರಮಸಂಖ್ಯೆ ಇರುತ್ತವೆ. ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಜಾಗದಲ್ಲಿ ಅಚ್ಚಿನ ಸಂಖ್ಯೆ ಕೊರೆದಿರುತ್ತಾರೆ. ಇವಿಷ್ಟೂ ಸೇರಿದರೆ ಆ ಹಾಡಿನ ಜಾತಕ. ಮೊಬೈಲಿನ ಆ್ಯಪ್‌ಗಳಲ್ಲಿ ಎಷ್ಟೋ ಹಳೆಯ ಹಾಡಿಗೆ ಅಪ್‌ಲೋಡ್ ಮಾಡಿದ ವರ್ಷವನ್ನೇ ಹಾಡಿನ ವರ್ಷವಾಗಿ ತೋರಿಸುತ್ತಾರೆ, ಸಾಹಿತಿಯ ಹೆಸರೇ ಇರುವುದಿಲ್ಲ. ಅಲ್ಲಿ ಬಂದಿರುವುದು ಕಂಪನಿಗೆ ಲಾಭ ಕಂಡ ಹಾಡುಗಳು. ಲಾಭ ಕಾಣದ ನಾಟಕದ ಪ್ಲೇಟು, ಹರಿಕಥೆಯ ತುಣುಕು, ಒಂದೇ ರೆಕಾರ್ಡು ಮಾಡಿ ಊರಿಗೆ ಮರಳಿದ ಗಾಯಕಿಯ ದನಿ ಉಳಿದಿದ್ದರೆ ಯಾರದೋ ಅಟ್ಟದಲ್ಲಿ ಮಾತ್ರ. ‘ವಿನೈಲ್‌ನಲ್ಲಿ ಧ್ವನಿ ಚೆನ್ನ’ ಎಂಬ ವಾದವನ್ನು ಬದಿಗಿಡೋಣ. ಸವೆದ ಪ್ಲೇಟಿನಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚಿರುತ್ತದೆ. ಅದರ ಬೆಲೆ ಇರುವುದು ಬೇರೆ ಪ್ರತಿ ಇಲ್ಲ ಎಂಬುದರಲ್ಲಿ.

ಕಾನೂನಿನ ಒಂದು ಬಾಗಿಲು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. 1954ರ ಕಾಯ್ದೆಯೊಂದರ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪುಸ್ತಕ ಮತ್ತು ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಿಗದಿತ ಗ್ರಂಥಾಲಯಗಳಿಗೆ ಕಳಿಸಬೇಕು. ಆ ಕಾಯ್ದೆಯಲ್ಲಿ ಧ್ವನಿಮುದ್ರಿಕೆ ಇಲ್ಲ. ಫ್ರಾನ್ಸಿನಂಥ ದೇಶಗಳಲ್ಲಿ ರೆಕಾರ್ಡಿನ ಪ್ರತಿಯನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡುವುದು ಕಡ್ಡಾಯ. ನಮ್ಮಲ್ಲಿ ಸಿನಿಮಾ ಹಾಡಿನ ಪುಸ್ತಕಕ್ಕೆ ಕಾನೂನಿನ ಜಾಗವಿದೆ, ಹಾಡಿಗೇ ಇಲ್ಲ. ಹಾಗಾಗಿ ಉಳಿಸಿದವರು ಹವ್ಯಾಸಿಗಳು. 1990ರಲ್ಲಿ ಮುಂಬೈನಲ್ಲಿ ಸುರೇಶ್ ಚಾಂದವಣಕರ್ ಮತ್ತು ಗೆಳೆಯರು ರೆಕಾರ್ಡು ಸಂಗ್ರಾಹಕರ ಸಂಘ ಕಟ್ಟಿದರು. ‘ಯಂಗ್ ಇಂಡಿಯಾ’ ಎಂಬ ಸ್ವದೇಶಿ ಲೇಬಲ್ಲಿನ ತಟ್ಟೆಗಳನ್ನು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಡಿಜಿಟಲ್ ಮಾಡಿಸಿದರು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಗೌಹರ್ ಜಾನ್ ಜೀವನಚರಿತ್ರೆ ಬರೆಯುತ್ತಾ ಹುಡುಕಿದ ಹಾದಿಯಿಂದಲೇ ಹಳೆಯ ರೆಕಾರ್ಡುಗಳ ಡಿಜಿಟಲ್ ಸಂಗ್ರಹ ಹುಟ್ಟಿತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ.

ಇನ್ನು ಹಕ್ಕಿನ ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಗೆ ರಕ್ಷಣೆ ಇರುವುದು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1964ರಲ್ಲಿ ಪ್ರಕಟವಾದ ರೆಕಾರ್ಡಿನ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. 1965ರದ್ದು 2025ರ ಕೊನೆಗೆ. ಅಂದರೆ ಅರುವತ್ತರ ದಶಕದ ರೆಕಾರ್ಡುಗಳು ಪ್ರತಿ ಜನವರಿ ಒಂದರಂದು ಒಂದೊಂದು ವರ್ಷದಂತೆ ಕಂಪನಿಯ ಕೈಯಿಂದ ಬಿಡುಗಡೆಯಾಗುತ್ತಾ ಹೋಗುತ್ತವೆ. ‘ಚಂದವಳ್ಳಿಯ ತೋಟ’ದ ರೆಕಾರ್ಡು ಸಿನಿಮಾ ಬಂದ ವರ್ಷವೇ ಬಂದಿದ್ದರೆ ಈ ಲೆಕ್ಕಕ್ಕೆ ಸೇರುತ್ತದೆ. 1972ರ ‘ನಾಗರಹಾವು’ ರೆಕಾರ್ಡಿಗೆ 2032ರ ಕೊನೆಯವರೆಗೆ ಕಾಯಬೇಕು.

ಆದರೆ ಅವಸರ ಬೇಡ. ರೆಕಾರ್ಡಿನ ಹಕ್ಕು ಬೇರೆ, ಅದರೊಳಗಿನ ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ. ಅವಕ್ಕೆ ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆ ಇರುತ್ತದೆ. ಚಿ. ಉದಯಶಂಕರ್ ತೀರಿಕೊಂಡದ್ದು 1993ರಲ್ಲಿ. ಅವರು ಬರೆದ ಸಾಲುಗಳ ಹಕ್ಕು 2053ರ ಕೊನೆಯವರೆಗೂ ಇದೆ. ಆದ್ದರಿಂದ ಹಳೆಯ ಪ್ಲೇಟು ಸಿಕ್ಕ ತಕ್ಷಣ ಯೂಟ್ಯೂಬ್‌ಗೆ ಹಾಕಿ ಹಣ ಮಾಡುತ್ತೇನೆ ಎಂದರೆ ಕಾನೂನು ಒಪ್ಪುವುದಿಲ್ಲ. ಒಪ್ಪುವುದು ಇನ್ನೊಂದನ್ನು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಮೂಲಪ್ರತಿ ಇದ್ದರೆ ಅದನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಇದಕ್ಕೆ 60 ವರ್ಷ ಕಾಯಬೇಕಾಗಿಯೂ ಇಲ್ಲ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕು.

ಹೋಗುವವರು ಯಾರು?

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಜಿಲ್ಲಾ ಕೇಂದ್ರದಲ್ಲಿ ಗ್ರಂಥಾಲಯವಿದೆ, ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ಜಿ.ಆರ್. ಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಚಿತ್ರದುರ್ಗದಲ್ಲಿ ಆಕಾಶವಾಣಿ ಇದೆ. ಪ್ರತಿ ಕಾಲೇಜಿನಲ್ಲಿ ಎನ್‌.ಎಸ್‌.ಎಸ್. ಘಟಕವಿದೆ. ಇಲ್ಲದಿರುವುದು ಇವನ್ನು ಜೋಡಿಸುವ ಒಂದು ಸಣ್ಣ ಕೆಲಸ.

ಆ ಕೆಲಸ ಪಟ್ಟಿಯಿಂದ ಶುರುವಾಗಬೇಕು. ಒಂದು ತಾಲ್ಲೂಕಿನ ಹಳೆಯ ಮೈಕ್‌ಸೆಟ್ ಅಂಗಡಿಗಳು, ಟೆಂಟ್ ಸಿನಿಮಾ ನಡೆಸಿದ ಮನೆತನಗಳು, ಭಜನಾ ಮಂಡಳಿಗಳು ಎಲ್ಲಿವೆ ಎಂದು ವಿಚಾರಿಸಿ, ಒಂದೊಂದು ತಟ್ಟೆಯ ಎರಡೂ ಬದಿಯ ಲೇಬಲ್ಲನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಕಂಪನಿ, ಸಂಖ್ಯೆ, ಹಾಡು, ಗಾಯಕರು, ಸ್ಥಿತಿ ಎಂದು ಐದು ಕಲಂ ತುಂಬಿದರೆ ಸಾಕು. ತಟ್ಟೆಯನ್ನು ಮಾಲೀಕರ ಹತ್ತಿರವೇ ಬಿಡಬಹುದು. ಕೊಳ್ಳುವ ಅಗತ್ಯವಿಲ್ಲ.

ಎರಡನೆಯದು ಕಾಪಾಡುವ ವಿಧಾನ ಹೇಳಿಕೊಡುವುದು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಬೇಕು. ನಮ್ಮ ಬೇಸಿಗೆಯ ತಗಡಿನ ಮನೆಯ ಕಾವಿಗೆ ವಿನೈಲ್ ಬಾಗುತ್ತದೆ, ತಂಪಾದ ಕೋಣೆ ಬೇಕು. 78ರ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗಿಹೋಗುತ್ತದೆ. ಎಲ್‌.ಪಿ.ಯ ಸೂಕ್ಷ್ಮ ಮುಳ್ಳಿನಲ್ಲಿ 78ನ್ನು ನುಡಿಸಬಾರದು, ಅದರ ಗೆರೆ ಅಗಲವಾದದ್ದು, ಬೇರೆ ಮುಳ್ಳೇ ಬೇಕು.

ಮೂರನೆಯದು ಡಿಜಿಟಲ್ ಮಾಡುವುದು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘ ಸೂಚಿಸುವ 96 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಸ್ಟೀರಿಯೊ ದಾಖಲಿಸಿದರೆ ಗಂಟೆಗೆ ಸುಮಾರು 2 ಜಿ.ಬಿ. ಬೇಕಾಗುತ್ತದೆ. ಮೂರು ನಿಮಿಷದ ಸಾವಿರ ಹಾಡು ಎಂದರೆ 50 ಗಂಟೆ, ಸುಮಾರು 100 ಜಿ.ಬಿ. ಒಂದು ತಾಲ್ಲೂಕಿನ ಸಾವಿರ ಹಾಡು ಜೇಬಿನಲ್ಲಿ ಹಿಡಿಯುವ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಕೂರುತ್ತವೆ. ಕೋಟಿಗಳ ಯೋಜನೆ ಬೇಕಿಲ್ಲ. ಸರಿಯಾದ ಒಂದು ಟರ್ನ್‌ಟೇಬಲ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ತಾಳ್ಮೆ ಇರುವ ಇಬ್ಬರು ಸಾಕು.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಕೇಳುವುದು ನ್ಯಾಯವಾದದ್ದು. ನೇರವಾಗಿ ಸಿಗುವುದಿಲ್ಲ. ಅಂಥ ಹುದ್ದೆ ಯಾವ ಅಧಿಸೂಚನೆಯಲ್ಲೂ ಇವತ್ತು ಬರುತ್ತಿಲ್ಲ, ಬರುತ್ತದೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಆದರೆ ಸೂಚಿ ತಯಾರಿಸುವುದು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗೆ ಅನುಭವ. ಧ್ವನಿ ಶುದ್ಧಿ ಮಾಡುವುದು ಸಿನಿಮಾ, ಪಾಡ್‌ಕಾಸ್ಟ್, ಆಡಿಯೊ ಪುಸ್ತಕಗಳಿಗೆ ಬೇಕಾದ ಕುಶಲತೆ. ಹಕ್ಕುಸ್ವಾಮ್ಯ ಬಲ್ಲ ಕಾನೂನು ಪದವೀಧರರಿಗೆ ಮನರಂಜನಾ ಉದ್ಯಮದಲ್ಲಿ ಕೆಲಸವಿದೆ. ಹಳೆಯ ಹಾಡಿನ ಹಕ್ಕು ಎಷ್ಟು ದೊಡ್ಡ ವ್ಯವಹಾರ ಎಂಬುದಕ್ಕೆ ಸಾರೆಗಮ 2017ರಲ್ಲಿ ಐದು ಸಾವಿರ ಹಳೆಯ ಹಾಡು ತುಂಬಿ ಮಾರಿದ ಕಾರ್ವಾನ್ ರೇಡಿಯೊ ಸಾಕ್ಷಿ. ಇತಿಹಾಸ, ಕನ್ನಡ ಎಂ.ಎ. ಓದುವವರಿಗೆ ಇನ್ನೂ ಯಾರೂ ಮುಟ್ಟದ ಸಂಶೋಧನಾ ವಿಷಯ ಇಲ್ಲೇ ಪಕ್ಕದ ಬೀದಿಯಲ್ಲಿದೆ.

ಸಣ್ಣ ಊರಿನಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎನ್ನುವವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಬೇಕು. ಆ ಪುಟ್ಟ ಊರಿನಲ್ಲಿ ಹುಟ್ಟಿದ ‘ಶಿವಸಂಚಾರ’ ತಿರುಗಾಟದ ರಂಗತಂಡ 1997ರಿಂದ ನಾಡೆಲ್ಲ ನಾಟಕ ಆಡುತ್ತಿದೆ. ನಾಟಕವನ್ನು ಹಳ್ಳಿಯಿಂದ ನಗರಕ್ಕೆ ಕೊಂಡೊಯ್ಯಬಹುದಾದರೆ, ನಮ್ಮದೇ ನಾಟಕಗಳ ಹಳೆಯ ಪ್ಲೇಟನ್ನು ನಮ್ಮ ಊರಿನಲ್ಲೇ ಉಳಿಸಿಕೊಳ್ಳುವುದು ಕಷ್ಟದ ಮಾತಲ್ಲ.

ವಿನೈಲ್ ಹುಚ್ಚು ಇನ್ನು ಹತ್ತು ವರ್ಷಕ್ಕೆ ಇಳಿದುಹೋಗಬಹುದು. ಬೆಂಗಳೂರಿನ ಕೆಫೆಗಳು ಬೇರೊಂದು ಶೋಕಿ ಹಿಡಿಯಬಹುದು. ಮಾರುಕಟ್ಟೆಯ ಕಣ್ಣು ನಮ್ಮ ಅಟ್ಟದ ಮೇಲೆ ಬಿದ್ದಿರುವ ಈ ಹೊತ್ತಿನಲ್ಲಿ, ಮಾರುವ ಮುನ್ನ ಬರೆದಿಟ್ಟುಕೊಳ್ಳುವಷ್ಟು ಎಚ್ಚರ ನಮಗಿರಬೇಕು. ಮಾರುವುದು ಬಿಡುವುದು ಮನೆಯವರ ಹಕ್ಕು, ಬಡವರಿಗೆ ಸಂಸ್ಕೃತಿಯ ಪಾಠ ಹೇಳಿ ಮಾರಬೇಡಿ ಎನ್ನುವುದು ತರವಲ್ಲ. ಆದರೆ ಏನು ಮಾರುತ್ತಿದ್ದೇವೆ ಎಂದು ತಿಳಿದು ಮಾರಿದರೆ ಬೆಲೆಯೂ ಸಿಗುತ್ತದೆ, ದಾಖಲೆಯೂ ಉಳಿಯುತ್ತದೆ. ಈ ದಸರಾ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಊರಿನ ಮೈಕ್‌ಸೆಟ್ ಯಜಮಾನರನ್ನು ಹುಡುಕಿ, ‘ಅಣ್ಣಾ, ಆಗಿನ ಪ್ಲೇಟುಗಳು ಏನಾದರೂ ಇವೆಯಾ?’ ಎಂದು ಕೇಳೋಣ. ಇವೆ ಎಂದರೆ ಐದು ಕಲಂ ಬರೆದುಕೊಳ್ಳೋಣ. ಗುಜರಿಗೆ ಹಾಕಿದೆ ಎಂದರೆ ಏನೇನಿದ್ದವು ಎಂದಾದರೂ ಅವರ ಬಾಯಿಂದ ಕೇಳಿ ಬರೆದಿಡೋಣ. ಅದನ್ನು ಹೇಳಬಲ್ಲವರಿಗೂ ಈಗ ವಯಸ್ಸಾಗಿದೆ.